ಹೆಬ್ಬಾತು ಕೆರೆಯ ತಳಕ್ಕಿಂತ ಕೆಳಗೆ ಹಾರುವಂತೆ ಜಿಪಿಎಸ್ ತೋರಿಸುತ್ತಿದೆ: ತಪ್ಪು ಎಲ್ಲಿದೆ?

ಕೆರೆಏರಿ (ಮೈಸೂರು):

ಚಳಿಗಾಲಕ್ಕೆ ನಮ್ಮ ಕಡೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಗೂ ಗದ್ದೆಗೂ ನಡುವೆ ಯಾವ ಹೊತ್ತಿನಲ್ಲಿ, ಎಷ್ಟು ಎತ್ತರದಲ್ಲಿ ಹಾರುತ್ತವೆ, ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ದಾರಿಗೆ ಅವು ಅಡ್ಡ ಬರಬಹುದೇ ಎಂಬುದನ್ನು ಅಂದಾಜು ಮಾಡುವುದು ನಮ್ಮ ಅಂತಿಮ ವರ್ಷದ ಪ್ರಾಜೆಕ್ಟ್. ನಾವು ಹಕ್ಕಿಗೆ ಏನನ್ನೂ ಕಟ್ಟಿಲ್ಲ. ಪ್ರಾಣಿಪಕ್ಷಿಗಳ ಚಲನೆಯ ದಾಖಲೆಗಳನ್ನು ಇಡುವ ಮೂವ್‌ಬ್ಯಾಂಕ್ ಜಾಲತಾಣದಲ್ಲಿ ಸಾರ್ವಜನಿಕವಾಗಿ ಸಿಗುವ ಇದೇ ಜಾತಿಯ ಹಕ್ಕಿಗಳ ದತ್ತಾಂಶವನ್ನು ಇಳಿಸಿಕೊಂಡು, ಎಸ್‌ಆರ್‌ಟಿಎಂ ಎಂಬ ಭೂಮಿಯ ಎತ್ತರದ ನಕ್ಷೆಯ ನೆಲಮಟ್ಟವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕಳೆದು ಹಾರಾಟದ ಎತ್ತರವನ್ನು ತೆಗೆಯುತ್ತಿದ್ದೇವೆ.

ಆದರೆ ಉತ್ತರಗಳು ವಿಚಿತ್ರವಾಗಿವೆ. ಹಕ್ಕಿ ನೆಲದಿಂದ ಹತ್ತಾರು ಮೀಟರ್ ಕೆಳಗಿದೆ ಎಂದು ಬರುತ್ತದೆ. ಅದೇ ಹಕ್ಕಿ ಮಂಗೋಲಿಯಾದಲ್ಲಿದ್ದಾಗ ಈ ದೋಷ ಕಡಿಮೆಯಿದ್ದು, ದಕ್ಷಿಣ ಭಾರತಕ್ಕೆ ಇಳಿದಂತೆ ಹೆಚ್ಚುತ್ತಾ ಹೋಗುತ್ತದೆ. ದತ್ತಾಂಶವೇ ಕೆಟ್ಟಿರಬಹುದೆಂದು ಅನುಮಾನಿಸಿ, ನಾವೇ ಜೋಡಿಸಿದ ಲಾಗರನ್ನು (ಜಿಪಿಎಸ್ ಸ್ಥಾನವನ್ನು ಬರೆದಿಡುವ ಸಾಧನ) ಹದಿನಾರು ಕೆರೆಯ ಏರಿಯ ಮೇಲೆ (ಹದಿನಾರು ಎಂಬುದು ಊರಿನ ಹೆಸರು, ಕೆರೆಗಳ ಲೆಕ್ಕವಲ್ಲ) ತೂಬಿನ ಕಲ್ಲಿನ ಪಕ್ಕದಲ್ಲಿ ಎರಡು ಗಂಟೆ ಇಟ್ಟೆವು. ಅದೂ ಏರಿಗಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗಿನ ಮಟ್ಟವನ್ನೇ ಬರೆದುಕೊಂಡಿದೆ. ಆಂಟೆನಾ ಬದಲಿಸಿದರೂ ಫಲವಿಲ್ಲ. ಸೊನ್ನೆಗಿಂತ ಕಡಿಮೆ ಬಂದ ಸಾಲುಗಳನ್ನೆಲ್ಲ ಅಳಿಸಿ ಮುಂದುವರಿಯಬಹುದೇ?

ಅಳತೆಪಟ್ಟಿ (ಮಂಡ್ಯ):

ಅಳಿಸಬೇಡಿ. ನಿಮ್ಮ ಲಾಗರ್ ಕೆಟ್ಟಿಲ್ಲ, ಆಂಟೆನಾಕ್ಕೆ ಹಾಕಿದ ದುಡ್ಡು ಮಾತ್ರ ದಂಡ.

ಜಿಪಿಎಸ್ ಮೊದಲು ಲೆಕ್ಕ ಹಾಕುವುದು ಎಲಿಪ್ಸಾಯ್ಡ್ ಎಂಬ ನುಣುಪಾದ, ಗಣಿತದ ಮೇಲ್ಮೈಯಿಂದ ಇರುವ ಎತ್ತರವನ್ನು. ನಾವು ಸಮುದ್ರಮಟ್ಟ ಎನ್ನುವುದು ಗುರುತ್ವಾಕರ್ಷಣೆಗೆ ತಕ್ಕಂತೆ ಏರಿಳಿಯುವ ಜಿಯಾಯ್ಡ್ ಎಂಬ ಬೇರೆಯೇ ಮೇಲ್ಮೈ. ಇವೆರಡರ ನಡುವಿನ ಅಂತರ ಊರಿಂದೂರಿಗೆ ಬದಲಾಗುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದ್ದು, ಇಡೀ ಭೂಮಿಯಲ್ಲಿ ಅದಕ್ಕಿಂತ ಆಳವಾದ ತಗ್ಗು ಬೇರೊಂದಿಲ್ಲ. ಅದರ ಕಾರಣವನ್ನು ವಿವರಿಸುವ ಒಂದು ಅಧ್ಯಯನ 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಬಂದಿದೆ. ನಾವು ಆ ತಗ್ಗಿನ ಇಳಿಜಾರಿನಲ್ಲಿ ಕುಳಿತವರು. ಆದ್ದರಿಂದಲೇ ನಿಮ್ಮ ಹಕ್ಕಿ ದಕ್ಷಿಣಕ್ಕೆ ಬಂದಂತೆಲ್ಲ ನೆಲದೊಳಗೆ ಇಳಿಯುತ್ತದೆ. ಮೈಸೂರು-ಮಂಡ್ಯದ ಕಡೆ ಈ ವ್ಯತ್ಯಾಸ ಸುಮಾರು 85ರಿಂದ 90 ಮೀಟರ್.

ಎಸ್‌ಆರ್‌ಟಿಎಂ ನಕ್ಷೆಯ ನೆಲಮಟ್ಟ ಜಿಯಾಯ್ಡ್‌ನಿಂದ ಅಳೆದದ್ದು. ಒಂದನ್ನು ಸೇರಿನಲ್ಲಿ ಅಳೆದು ಇನ್ನೊಂದನ್ನು ಲೀಟರಿನಲ್ಲಿ ಕಳೆದಂತಾಗಿದೆ. ಮೂವ್‌ಬ್ಯಾಂಕ್ ಕಡತದಲ್ಲಿ ಎಲಿಪ್ಸಾಯ್ಡ್‌ನಿಂದ ಎತ್ತರ, ಸಮುದ್ರಮಟ್ಟದಿಂದ ಎತ್ತರ ಎಂದು ಬೇರೆ ಬೇರೆ ಕಾಲಂಗಳಿರುತ್ತವೆ. ನೀವು ತೆಗೆದುಕೊಂಡದ್ದು ಯಾವುದೆಂದು ನೋಡಿ. ನಿಮ್ಮ ಲಾಗರಿನಲ್ಲಿ ಯುಬ್ಲಾಕ್ಸ್ ಕಂಪನಿಯ ಜಿಪಿಎಸ್ ಚಿಪ್ ಇದ್ದರೆ ‘ಹೈಟ್’ (ಎಲಿಪ್ಸಾಯ್ಡ್‌ನಿಂದ ಎತ್ತರ) ಎಂಬ ಮೌಲ್ಯದ ಬದಲು ‘ಎಚ್‌ಎಂಎಸ್‌ಎಲ್’ (ಸಮುದ್ರಮಟ್ಟದಿಂದ ಎತ್ತರ) ಎಂಬುದನ್ನು ಓದಿಸಿ. ಎರಡೂ ಮಿಲಿಮೀಟರಿನಲ್ಲಿರುತ್ತವೆ. ಚಿಪ್ ಅಕ್ಷರರೂಪದಲ್ಲಿ ಕೊಡುವ ಜಿಜಿಎ ಎಂಬ ಸಾಲಿನಲ್ಲಾದರೆ, ಶುರುವಿನ ಹೆಸರನ್ನು ಬಿಟ್ಟು ಎಣಿಸಿದಾಗ ಒಂಬತ್ತನೆಯ ಮೌಲ್ಯವೇ ಸಮುದ್ರಮಟ್ಟದಿಂದ ಎತ್ತರ, ಹನ್ನೊಂದನೆಯದು ಈ ವ್ಯತ್ಯಾಸ.

ಖಾತ್ರಿಯಾಗಬೇಕಾದರೆ ಲಾಗರನ್ನು ಹಿಡಿದು ಹತ್ತಿರದ ರೈಲು ನಿಲ್ದಾಣಕ್ಕೆ ಹೋಗಿ. ಹಳದಿ ನಾಮಫಲಕದ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ, ಪ್ಲಾಟ್‌ಫಾರಂ ಟಿಕೆಟಿನ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ಕೆರೆಏರಿ (ಮೈಸೂರು):

ತುಂಬಾ ಧನ್ಯವಾದ ಸರ್. ನಾವು ಓದಿಸುತ್ತಿದ್ದದ್ದು ‘ಹೈಟ್’ ಮೌಲ್ಯವನ್ನೇ, ಮೂವ್‌ಬ್ಯಾಂಕ್ ಕಡತದಲ್ಲಿ ಆರಿಸಿದ ಕಾಲಂ ಕೂಡ ಎಲಿಪ್ಸಾಯ್ಡ್‌ನದು. ನಂಜನಗೂಡಿನ ನಿಲ್ದಾಣದಲ್ಲಿ ನಿಂತು ನೋಡಿದೆವು. ಫಲಕಕ್ಕೂ ಲಾಗರಿಗೂ 87ರ ಆಸುಪಾಸು ವ್ಯತ್ಯಾಸ ಬಂತು. ಆದರೆ ಇಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ಕೆಳಗಿರುವುದರಿಂದ ಕಡತದಲ್ಲಿ ಅದನ್ನು −87 ಎಂದು ಕೂಡಿದಾಗ ಹಕ್ಕಿ ಇನ್ನೂ ಪಾತಾಳಕ್ಕೆ ಇಳಿಯಿತು.

ಅಳತೆಪಟ್ಟಿ (ಮಂಡ್ಯ):

ಕೂಡಬಾರದು, ಕಳೆಯಬೇಕು. −87 ಅನ್ನು ಕಳೆದರೆ 87 ಕೂಡಿದಂತೆ. ನಾನೂ ಮೊದಲ ಸಲ ಇಲ್ಲಿಯೇ ಎಡವಿದ್ದೆ. ಇಡೀ ವಲಸೆಯ ದತ್ತಾಂಶಕ್ಕೆ ಒಂದೇ 87 ಹಾಕಬೇಡಿ. ಪ್ರತಿ ಬಿಂದುವಿಗೂ ಇಜಿಎಂ96 ಎಂಬ ಜಿಯಾಯ್ಡ್ ಮಾದರಿಯ ಕಡತದಿಂದ ಅಲ್ಲಿನ ಮೌಲ್ಯವನ್ನು ತೆಗೆಯಿರಿ.

ಇನ್ನು ಸೊನ್ನೆಗಿಂತ ಕಡಿಮೆಯಾದ ಸಾಲುಗಳ ವಿಚಾರ. ಈ ತಿದ್ದುಪಡಿಯ ನಂತರವೂ ನೀರಿನ ಮೇಲೆ ಸುಮ್ಮನೆ ಕುಳಿತ ಹಕ್ಕಿಗೆ ಒಮ್ಮೆ −12, ಇನ್ನೊಮ್ಮೆ +15 ಎಂದು ಬರಬಹುದು, ಏಕೆಂದರೆ ಜಿಪಿಎಸ್‌ಗೆ ಅಡ್ಡಡ್ಡ ಇರುವಷ್ಟು ನಿಖರತೆ ಎತ್ತರದಲ್ಲಿಲ್ಲ. ಆ ತಪ್ಪು ಎರಡೂ ಕಡೆಗೆ ಹರಡಿರುತ್ತದೆ. ಕೆಳಗಿನ ತಪ್ಪುಗಳನ್ನು ಮಾತ್ರ ಅಳಿಸಿ ಮೇಲಿನವನ್ನು ಉಳಿಸಿಕೊಂಡರೆ ಸರಾಸರಿ ತಾನಾಗಿ ಮೇಲೇರುತ್ತದೆ, ನೆಲಕ್ಕೆ ಹತ್ತಿರದಲ್ಲಿ ಹಾರುವ ಹಕ್ಕಿ ನಿಮ್ಮ ವರದಿಯಲ್ಲಿ ಎತ್ತರಕ್ಕೆ ಹೋಗಿಬಿಡುತ್ತದೆ. ವಿಮಾನಕ್ಕೆ ಇದು ಸಣ್ಣ ವಿಷಯವಲ್ಲ: ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ರನ್‌ವೇಯ ಇಳಿಯುವ ಬಿಂದುವಿನಿಂದ 5 ಕಿ.ಮೀ. ದೂರದಲ್ಲಿ ಸುಮಾರು 262 ಮೀಟರ್ ಎತ್ತರದಲ್ಲಿರುತ್ತದೆ, ನಿಮ್ಮ ಮೊದಲಿನ ತಪ್ಪಿನಷ್ಟೇ ಆದ 87 ಮೀಟರಿಗೆ ಇಳಿಯುವುದು ಸುಮಾರು 1.7 ಕಿ.ಮೀ. ದೂರದಲ್ಲಿ. ಕೊನೆಯಲ್ಲಿ ಎತ್ತರಗಳನ್ನೆಲ್ಲ ಅಡಿಗೆ ಪರಿವರ್ತಿಸಿ, ವಿಮಾನದವರ ಭಾಷೆ ಅದೇ.

ದುರ್ಬೀನು (ಮೈಸೂರು):

ಎತ್ತರ ಸರಿಯಾಯಿತು, ಹೊತ್ತಿನ ಬಗ್ಗೆ ಯಾರೂ ಕೇಳಲಿಲ್ಲ. ಈ ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಸಂಜೆ ಕತ್ತಲಾಗುವ ಹೊತ್ತಿಗೆ ಗುಂಪುಗುಂಪಾಗಿ ಎದ್ದು ಮೇಯಲು ಹೊಲಗದ್ದೆಗಳಿಗೆ ಹೋಗಿ, ಬೆಳಗಿನ ಜಾವ ಹಿಂದಿರುಗುತ್ತವೆ. ಏರಿಯ ಮೇಲೆ ನಿಂತರೆ ಮೊದಲು ಒಂದು ಹಕ್ಕಿ ಕತ್ತು ನೀಳಮಾಡಿ ಕೂಗುತ್ತದೆ, ಅಕ್ಕಪಕ್ಕದವು ತಲೆಯಾಡಿಸತೊಡಗುತ್ತವೆ, ಆಮೇಲೆ ಇಡೀ ಗುಂಪು ಒಮ್ಮೆಲೇ ನೀರು ಬಿಡುತ್ತದೆ. ಆ ಹಾರಾಟ ಕೆಲವೇ ನಿಮಿಷಗಳದ್ದು. ನಿಮ್ಮ ದತ್ತಾಂಶ ಗಂಟೆಗೊಂದು ಬಿಂದುವಿನದಾದರೆ ಹಕ್ಕಿ ಕೆರೆಯಲ್ಲಿತ್ತು, ಆಮೇಲೆ ಗದ್ದೆಯಲ್ಲಿತ್ತು ಎಂಬುದಷ್ಟೇ ತಿಳಿಯುತ್ತದೆ. ನಿಮಗೆ ಬೇಕಾದ ಭಾಗವೇ ಕಾಣೆಯಾಗಿರುತ್ತದೆ.

ಸೌರಶಕ್ತಿಯ ಟ್ರ್ಯಾಕರ್‌ಗಳಲ್ಲಿ ಬ್ಯಾಟರಿ ಉಳಿಸಲು ಹೀಗೆ ವಿರಳವಾಗಿ ದಾಖಲಿಸುವುದು ಸಹಜ. ಹಕ್ಕಿ ಗೊತ್ತುಪಡಿಸಿದ ವೃತ್ತದೊಳಗೆ ಬಂದಾಗ ಮಾತ್ರ ಪದೇ ಪದೇ ಸ್ಥಾನ ದಾಖಲಿಸುವಂತೆ ಹೊಂದಿಸಬಹುದಾದರೂ, ಮೊಬೈಲ್ ಜಾಲದ ಟ್ರ್ಯಾಕರ್ ಮಾಹಿತಿಯನ್ನು ಕೂಡಿಟ್ಟುಕೊಂಡು ತನಗೆ ಅನುಕೂಲವಾದಾಗ ಕಳಿಸುತ್ತದೆ. ಅದನ್ನು ನಂಬಿ ವಿಮಾನ ತಡೆಯಲಾಗದು. ಯಾವ ತಿಂಗಳು, ಯಾವ ಹೊತ್ತು, ಯಾವ ದಿಕ್ಕು ಎಂಬ ರೂಢಿಯನ್ನು ತಿಳಿಯಲು ಟ್ರ್ಯಾಕರ್ ಸಾಕು. ಆ ಕ್ಷಣದ ಎಚ್ಚರಿಕೆಗೆ ರನ್‌ವೇ ಪಕ್ಕದಲ್ಲಿ ನಿಂತ ಮನುಷ್ಯನ ಕಣ್ಣೇ ಬೇಕು.

2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಕೆನಡಾ ಹೆಬ್ಬಾತುಗಳಿಗೆ ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡ ವಿಮಾನ ಹಡ್ಸನ್ ನದಿಗೆ ಇಳಿದು, ಅದರಲ್ಲಿದ್ದ 155 ಜನರೂ ಬದುಕಿದ್ದು ನಿಮಗೆ ಗೊತ್ತಿರುತ್ತದೆ. ಎಂಜಿನ್‌ಗಳಲ್ಲಿ ಸಿಕ್ಕ ಗರಿಗಳನ್ನು ಪರೀಕ್ಷಿಸಿದ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಅವು ಊರಲ್ಲೇ ನೆಲೆಸಿದ ಹೆಬ್ಬಾತುಗಳಲ್ಲ, ವಲಸೆ ಬಂದವು ಎಂದು ತೋರಿಸಿದರು. ಬೇಲಿ ಹಾಕಿ ಹುಲ್ಲು ಕತ್ತರಿಸಿದರೆ ಹೋಗುವ ಸಮಸ್ಯೆಯೋ, ತಿಂಗಳು ನೋಡಿ ಎಚ್ಚರವಾಗಿರಬೇಕಾದ ಸಮಸ್ಯೆಯೋ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ನಮ್ಮಲ್ಲಿ ದಿನನಿತ್ಯದ ತೊಂದರೆ ಹೆಬ್ಬಾತಿಗಿಂತ ಹದ್ದು, ಟಿಟ್ಟಿಭಗಳದ್ದೇ ಎಂಬುದು ನನ್ನ ಅನಿಸಿಕೆ. 1937ರ ವಿಮಾನ ನಿಯಮಗಳ 91ನೇ ನಿಯಮ ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿ ಕಡಿಯುವುದನ್ನೂ ಕಸ ಸುರಿಯುವುದನ್ನೂ ನಿರ್ಬಂಧಿಸುವುದು ಸುಮ್ಮನೆ ಅಲ್ಲ.

ಹಕ್ಕಿ ಹಿಡಿಯುವ ಯೋಚನೆ ಬಂದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೈಹಾಕಬೇಡಿ. ನಿಲ್ದಾಣದ ಹತ್ತಿರ ಡ್ರೋನ್ ಕೂಡ ಬೇಡ. ಸಂಶೋಧಕರು ಗುರುತಿಗೆ ಕೊರಳಪಟ್ಟಿ ಹಾಕಿದ ಹೆಬ್ಬಾತು ಕಂಡರೆ ಅದರ ಮೇಲಿನ ಅಕ್ಷರಗಳನ್ನು ದೂರದರ್ಶಕದಲ್ಲಿ ಓದಿ ಬರೆದಿಟ್ಟುಕೊಳ್ಳಿ.

ಕೆರೆಏರಿ (ಮೈಸೂರು):

ಮೇಡಂ, ನಮ್ಮ ದತ್ತಾಂಶ ಎರಡು ಗಂಟೆಗೊಂದು ಬಿಂದುವಿನದು. ಹಾಗಾಗಿ ಅದರಿಂದ ಕೆರೆ ಮತ್ತು ಮೇಯುವ ಜಾಗಗಳ ನಡುವಿನ ದೂರವನ್ನಷ್ಟೇ ತೆಗೆದುಕೊಂಡು, ಏಳುವ ಹೊತ್ತು ಮತ್ತು ದಿಕ್ಕನ್ನು ಡಿಸೆಂಬರಿನಲ್ಲಿ ಏರಿಯ ಮೇಲೆ ಸಂಜೆ ಐದರಿಂದ ಏಳರವರೆಗೆ ಇಬ್ಬರು ಕುಳಿತು ಬರೆದುಕೊಳ್ಳುವುದೆಂದು ನಿರ್ಧರಿಸಿದ್ದೇವೆ. ಅಳತೆಪಟ್ಟಿಯವರ ತಿದ್ದುಪಡಿಯ ನಂತರ ತೂಬಿನ ಕಲ್ಲಿನ ಪಕ್ಕದ ಎರಡು ಗಂಟೆಯ ಸರಾಸರಿ ನೆಲದಿಂದ +3 ಮೀಟರ್ ಬಂದಿದೆ. ಸೊನ್ನೆಗಿಂತ ಕಡಿಮೆಯಾದ ಸಾಲುಗಳೂ ಅದರಲ್ಲಿವೆ, ಅಳಿಸಿಲ್ಲ.