ಎರೆಹುಳುವನ್ನು ಮಕ್ಕಳ ಕೈಗೆ ಕೊಡಬೇಕೇ?

ವಿದ್ಯಾನಗರದ ತಂದೆ, ಹುಬ್ಬಳ್ಳಿ: ಮಗಳ ಐದನೆಯ ತರಗತಿಯಲ್ಲಿ ಮೊನ್ನೆ ಮಣ್ಣಿನ ಪಾಠ. ಅಕ್ಕೋರು ಶಾಲೆಯ ಹಿತ್ತಲಿನಿಂದ ಎರೆಹುಳು ಅಗೆದು ತಂದು ಎಲ್ಲರ ಅಂಗೈಗೂ ಹಾಕಿದರಂತೆ. ಮಗಳು ಅಳುತ್ತಾ ಮನೆಗೆ ಬಂದಳು; ರಾತ್ರಿ ಶಾವಿಗೆ ಪಾಯಸವನ್ನೂ ಮುಟ್ಟಲಿಲ್ಲ. ಚಿತ್ರ ತೋರಿಸಿದರೆ ಸಾಲದೇ?

ಹಾವೇರಿ ರೈತ: ಮೃಗಶಿರ ಮಳೆಗೆ ಹೊಲದಲ್ಲಿ ಮಖಮಲ್ಲಿನಂಥ ಕೆಂಪು ಹುಳು ಏಳುತ್ತವೆ. ನಾವೆಲ್ಲ ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ತಿರುಗಿದವರು. ಈಗ ಪೇಟೆಯ ಮಕ್ಕಳಿಗೆ ಮಣ್ಣೆಂದರೇ ಹೇಸಿಗೆ. ಅಳಲಿ ಬಿಡಿ, ರೂಢಿಯಾಗುತ್ತದೆ.

ಕುಂದಗೋಳದ ಶಿಕ್ಷಕಿ: ಅಳಿಸಿ ಮಾಡಿಸುವ ರೂಢಿ ಬೇಡ ಅಣ್ಣಾ. ಆ ಮಗುವಿಗೆ ನೆನಪುಳಿಯುವುದು ಹೆದರಿಕೆ, ಹುಳುವಲ್ಲ. ನಾನು ಮೊದಲು ಒದ್ದೆ ತಟ್ಟೆಯಲ್ಲಿ ಬಿಡುತ್ತೇನೆ. ದೂರ ನಿಲ್ಲುವವರು ನಿಲ್ಲಲಿ. ಆಮೇಲೆ ಒಣ ಕಾಗದದ ಮೇಲಿಟ್ಟು, ಎಲ್ಲರೂ ಬಾಯಿ ಮುಚ್ಚಿ ಕಿವಿಗೊಡಿ ಎನ್ನುತ್ತೇನೆ. ಅದರ ಮೈಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಗೂದಲು ಕಾಗದಕ್ಕೆ ತಾಗಿ ಸರಸರ ಎನ್ನುತ್ತದೆ. ಆಗ ನೋಡಬೇಕು, ಹಿಂದಿನ ಬೆಂಚಿನವರೇ ಮೊದಲು ನುಗ್ಗುತ್ತಾರೆ. ಕೂದಲೆಲ್ಲಿ ಎಂದು ಹುಡುಕುತ್ತಾ ಬೆರಳು ತಾನಾಗಿ ಮುಂದಾಗುತ್ತದೆ.

ಕೃಷಿ ವಿದ್ಯಾರ್ಥಿ, ಧಾರವಾಡ: ಒಣ ಕಾಗದದ ಮೇಲೆ ಅರೆಗಳಿಗೆ ಸಾಕು ಅಕ್ಕೋರೇ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದಿಂದಲೇ ಉಸಿರಾಟ. ಮೈ ಒಣಗಿದರೆ ಸತ್ತೇ ಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಂತೂ ಹಿಡಿಯಲೇಬಾರದು. ಇಡೀ ತರಗತಿಯ ಅಂಗೈ ಸುತ್ತಿ ಬರುವಷ್ಟರಲ್ಲಿ ಹುಳುವಿನ ಗತಿ ಏನಾಯಿತೆಂದು ಇಲ್ಲಿ ಯಾರೂ ಕೇಳಲಿಲ್ಲ! ನಡುವೆ ಕತ್ತರಿಸಿದರೆ ಎರಡು ಹುಳುವಾಗುತ್ತದೆ ಎಂಬ ಮಾತೂ ಸುಳ್ಳು, ಅದನ್ನು ನಂಬಿ ಬ್ಲೇಡು ಹಿಡಿಯುವ ಹುಡುಗರಿದ್ದಾರೆ. ಅಂದಹಾಗೆ, ಹಾವೇರಿಯವರು ಹೇಳಿದ ಕೆಂಪು ಹುಳು ಜೇಡದ ಬಳಗದ್ದು. ಮಕ್ಕಳಿಗೆ ಕಾಲು ಎಣಿಸಲು ಹೇಳಿ: ಎಂಟು.

ಗದಗಿನ ತಾಯಿ: ಎಲ್ಲ ಹೇಸಿಗೆಯನ್ನೂ ಬಿಡಿಸಲು ಹೋಗಬೇಡಿ. ಎರೆಹುಳು ಮುಟ್ಟಿ ಧೈರ್ಯ ಬಂದ ನನ್ನ ಮಗ ಕಂಬಳಿಹುಳುವಿಗೂ ಕೈ ಹಾಕಿ ರಾತ್ರಿಯಿಡೀ ತುರಿಸಿಕೊಂಡ. ಯಾವುದನ್ನು ಮುಟ್ಟಬಾರದು ಎಂಬುದೂ ಅದೇ ಪಾಠದಲ್ಲಿ ಬರಬೇಕು. ಇನ್ನು ಹಲ್ಲಿ ಕಂಡರೆ ನಾವು ದೊಡ್ಡವರೇ ಕಿರುಚಿ ಕುರ್ಚಿ ಏರುತ್ತೇವೆ, ಮಕ್ಕಳು ಬೇರೆಲ್ಲಿ ಕಲಿಯಬೇಕು?

ವಿದ್ಯಾನಗರದ ತಂದೆ: ಪಾಠ ನಿಲ್ಲಿಸಿ ಎನ್ನುವುದಿಲ್ಲ, ಒತ್ತಾಯ ಬೇಡ ಎಂದು ಅಕ್ಕೋರಿಗೆ ಹೇಳುತ್ತೇನೆ. ಆದರೆ ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕಲ್ಲ? ನಮ್ಮ ಊರಿನ ನಲ್ಲಿ ನೀರಿನ ಕಥೆ ನಿಮಗೆ ಗೊತ್ತೇ ಇದೆ.

ಕುಂದಗೋಳದ ಶಿಕ್ಷಕಿ: ಬಿಸಿಯೂಟಕ್ಕೆ ಕೈ ತೊಳೆಯುವ ನೀರಿದೆಯಲ್ಲ ಸರ್. ಈ ಪಾಠವನ್ನು ಊಟದ ಗಂಟೆಗೆ ಮುಂಚೆ ಇಟ್ಟುಕೊಂಡರಾಯಿತು.

ಹಾವೇರಿ ರೈತ: ನನ್ನ ಮಾತು ನನ್ನದೇ, ಇಷ್ಟೆಲ್ಲ ನಾಜೂಕು ಬೇಕಿಲ್ಲ. ಏನೇ ಮಾಡಿ, ಮಳೆಗಾಲದಲ್ಲೇ ಮಾಡಿ. ಬೇಸಿಗೆಗೆ ಕಪ್ಪು ಮಣ್ಣಿನ ಎರೆ ಹೊಲ ಬಿರುಕು ಬಿಟ್ಟ ಮೇಲೆ ಹುಳು ಆಳಕ್ಕೆ ಇಳಿದುಬಿಡುತ್ತದೆ, ಗುದ್ದಲಿಗೂ ಸಿಗುವುದಿಲ್ಲ.