ಮುಚ್ಚುವ ಪಟ್ಟಿಯಲ್ಲಿ ನಮ್ಮ ಶಾಲೆಯೂ ಇದೆ, ಏನು ಮಾಡಬಹುದು?

ಪ್ರಶ್ನೆ ಕೇಳಿದ ತಾಯಿ:
ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಗೆ ಬಂದು ಕೆಲವೇ ವರ್ಷಗಳಾಗಿವೆ. ಮಗಳು ಎರಡನೇ ತರಗತಿಯಲ್ಲಿದ್ದಾಳೆ, ಮಗನನ್ನು ಮುಂದಿನ ಆಗಸ್ಟಿನಲ್ಲಿ ಟಿಕೆಗೆ (ಕಿಂಡರ್‌ಗಾರ್ಟನ್‌ಗೆ ಮೊದಲಿನ ತರಗತಿಗೆ) ಸೇರಿಸಬೇಕು. ಮಕ್ಕಳ ಸಂಖ್ಯೆ ಇಳಿಯುತ್ತಿರುವುದರಿಂದ ಕೆಲವು ಶಾಲೆಗಳನ್ನು ಒಂದಕ್ಕೊಂದು ಸೇರಿಸುವ ಆಲೋಚನೆಯಿದೆ, ಪರಿಶೀಲನೆಯಲ್ಲಿರುವ ಶಾಲೆಗಳಲ್ಲಿ ನಮ್ಮದೂ ಒಂದು ಎಂದು ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ ಇಮೇಲ್ ಬಂದಿದೆ. ಮಕ್ಕಳು ನಡೆದುಕೊಂಡೇ ಹೋಗಬಹುದೆಂದು ಹೆಚ್ಚು ಬಾಡಿಗೆ ಕೊಟ್ಟು ಈ ಮನೆ ಹಿಡಿದಿದ್ದೇವೆ. ಮನೆಗಳ ಬೆಲೆ ಇಷ್ಟಿರುವ ಊರಿನಲ್ಲಿ ಶಾಲೆಗೆ ಹಣವಿಲ್ಲವೆಂದರೆ ಹೇಗೆ? ಎಚ್‌1ಬಿ ವೀಸಾದಲ್ಲಿರುವ ನಮಗೆ ಮತವಿಲ್ಲ, ಆದರೂ ಡಿಸ್ಟ್ರಿಕ್ಟ್‌ನ ಬೋರ್ಡ್ ಸಭೆಯಲ್ಲಿ ಮಾತನಾಡಬಹುದೇ?

ಫ್ರೀಮಾಂಟಿನ ಸದಸ್ಯರು:
ಖಂಡಿತ ಮಾತನಾಡಬಹುದು. ಸ್ಥಳೀಯ ಸಂಸ್ಥೆಗಳ ಸಭೆ ಬಹಿರಂಗವಾಗಿರಬೇಕೆನ್ನುವ ಕ್ಯಾಲಿಫೋರ್ನಿಯಾದ ಬ್ರೌನ್ ಆಕ್ಟ್ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಬೇಕು. ಪೌರತ್ವವನ್ನು ಯಾರೂ ಕೇಳುವುದಿಲ್ಲ. ಬಜೆಟ್‌ಗೆ ಒಪ್ಪಿಗೆ ಸಿಗುವುದು ಜೂನ್ ಕೊನೆಯಲ್ಲಿ ಎಂದುಕೊಂಡು ಅಲ್ಲಿಯವರೆಗೆ ಕಾಯಬೇಡಿ. ಮುಂದಿನ ವರ್ಷಕ್ಕೆ ಬೇಡವೆನಿಸಿದ ಶಿಕ್ಷಕರಿಗೆ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕಾದ್ದರಿಂದ, ಎಷ್ಟು ತರಗತಿ ನಡೆಸಬೇಕೆಂಬ ಲೆಕ್ಕ ಫೆಬ್ರವರಿಯಲ್ಲೇ ಬಹುಪಾಲು ಮುಗಿದಿರುತ್ತದೆ.

ಸ್ಯಾನ್ ಹೋಸೆಯ ಹಿರಿಯ ಸದಸ್ಯರು:
ಮೇಡಂ, ನಾನು ಇಲ್ಲಿ ಮೂವರು ಮಕ್ಕಳನ್ನು ಓದಿಸಿ ದಡ ಸೇರಿಸಿದವನು, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಸಭೆಗೆ ಹೋಗಿ ಸಮಯ ಕಳೆಯಬೇಡಿ. ಕುಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟ್‌ನಲ್ಲಿ 2021ರಲ್ಲಿ ಪಾಲಕರು ಎಷ್ಟೊಂದು ಕೇಳಿಕೊಂಡರೂ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್ ಶಾಲೆಗಳನ್ನು ಮುಚ್ಚುವ ನಿರ್ಧಾರವಾಗಿಯೇ ಹೋಯಿತು. ಇಲ್ಲಿಗೆ ಹತ್ತಿರದ ಡಬ್ಲಿನ್ ಊರಿನ ಕಡೆ ಮನೆ ನೋಡಿ, ಇಲ್ಲವಾದರೆ ಖಾಸಗಿ ಶಾಲೆಗೆ ಸೇರಿಸಿ. ಶಾಲೆ ಚೆನ್ನಾಗಿರುವ ಕಡೆಗೆ ನಾವು ಹೋಗಬೇಕೇ ಹೊರತು, ಶಾಲೆಯನ್ನು ಉಳಿಸುವ ಭಾರವನ್ನು ಎರಡನೇ ತರಗತಿಯ ಮಗುವಿನ ತಾಯಿ ಹೊರಬಾರದು. ನನ್ನ ಹಿರಿಯ ಮಗಳು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿದ್ದು ನಾವು ಸರಿಯಾದ ಸಮಯಕ್ಕೆ ಮನೆ ಬದಲಿಸಿದ್ದರಿಂದಲೇ.

ಸನಿವೇಲ್‌ನ ಸದಸ್ಯೆ, ಪಿಟಿಎ ಖಜಾಂಚಿ:
ಸರ್, ಬಾಡಿಗೆ ಕಟ್ಟಿಕೊಂಡು ವೀಸಾ ನವೀಕರಣಕ್ಕೆ ಕಾಯುತ್ತಿರುವವರಿಗೆ ಮನೆ ಕೊಳ್ಳಿ ಎನ್ನುವುದು ಉತ್ತರವಾಗುವುದಿಲ್ಲ. ಹಣ ಏಕಿಲ್ಲವೆಂದು ಅವರು ಕೇಳಿದ್ದಾರೆ, ಅದನ್ನು ವಿವರಿಸುತ್ತೇನೆ.

ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ 1978ರ ಪ್ರೊಪೊಸಿಷನ್ 13 ಎಂಬ ಆಸ್ತಿ ತೆರಿಗೆ ನಿಯಮದಿಂದಾಗಿ, ಮನೆ ಕೈ ಬದಲಾಗದಿದ್ದರೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರುವಂತಿಲ್ಲ. ದಶಕಗಳ ಹಿಂದೆ ಕೊಂಡವರ ಮನೆಗೆ ಇಂದು ಎಷ್ಟೇ ಬೆಲೆಯಿದ್ದರೂ ಶಾಲೆಗೆ ಅದರ ಪಾಲು ಸಿಗುವುದಿಲ್ಲ. ಇನ್ನು 2013ರಲ್ಲಿ ಜಾರಿಗೆ ಬಂದ, ಯಾವ ಡಿಸ್ಟ್ರಿಕ್ಟ್‌ಗೆ ಎಷ್ಟು ಹಣವೆಂದು ಗೊತ್ತುಮಾಡುವ ರಾಜ್ಯದ ಎಲ್‌ಸಿಎಫ್‌ಎಫ್ ಸೂತ್ರದ ಪ್ರಕಾರ ಹಣ ಸಿಗುವುದು ದಾಖಲಾದ ಮಕ್ಕಳ ಸಂಖ್ಯೆಯ ಮೇಲಲ್ಲ, ದಿನವೂ ತರಗತಿಗೆ ಬಂದವರ ಸರಾಸರಿ ಹಾಜರಿಯ ಮೇಲೆ. ಮಗುವಿಗೆ ಜ್ವರವೆಂದು ಚೀಟಿ ಕಳಿಸಿದರೂ ಆ ದಿನದ ಹಾಜರಿ ಹೋದಂತೆಯೇ. ಶಾಲೆಯಲ್ಲಿ ಮೂವತ್ತು ಮಕ್ಕಳು ಕಡಿಮೆಯಾದರೆ ಅವರು ಒಂದೇ ತರಗತಿಯವರಾಗಿರುವುದಿಲ್ಲ, ಪ್ರತಿ ತರಗತಿಯಲ್ಲೂ ನಾಲ್ಕೈದು ಮಂದಿ ಕಡಿಮೆಯಾಗಿರುತ್ತಾರೆ. ಆದ್ದರಿಂದ ಶಿಕ್ಷಕರ ಸಂಬಳವಾಗಲಿ ಕಟ್ಟಡದ ಖರ್ಚಾಗಲಿ ಒಂದು ರೂಪಾಯಿಯೂ ಇಳಿಯದೆ ಆದಾಯ ಮಾತ್ರ ಇಳಿಯುತ್ತದೆ.

ಆದರೆ ಎಲ್ಲ ಡಿಸ್ಟ್ರಿಕ್ಟ್‌ಗಳೂ ಒಂದೇ ಬಗೆಯವಲ್ಲ. ಸ್ಥಳೀಯ ಆಸ್ತಿ ತೆರಿಗೆಯೇ ಸೂತ್ರದ ಮೊತ್ತವನ್ನು ಮೀರಿದರೆ ಆ ಹೆಚ್ಚಿನ ಹಣ ಅಲ್ಲಿಯೇ ಉಳಿಯುತ್ತದೆ, ಅಂಥ ಡಿಸ್ಟ್ರಿಕ್ಟ್‌ಗೆ ಬೇಸಿಕ್ ಏಡ್ ಎನ್ನುತ್ತಾರೆ. ಅಲ್ಲಿ ಮಕ್ಕಳು ಕಡಿಮೆಯಾದರೂ ತೆರಿಗೆ ಹಣ ಕಡಿಮೆಯಾಗುವುದಿಲ್ಲ. ನಿಮ್ಮ ಡಿಸ್ಟ್ರಿಕ್ಟ್ ಯಾವ ಬಗೆಯದು ಎಂಬುದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ. ಡಿಸೆಂಬರ್ 15ರೊಳಗೆ ಡಿಸ್ಟ್ರಿಕ್ಟ್ ಸಲ್ಲಿಸುವ ಮೊದಲ ಮಧ್ಯಂತರ ಹಣಕಾಸು ವರದಿಯಲ್ಲಿ ಈ ವರ್ಷ ಮತ್ತು ಮುಂದಿನ ಎರಡು ವರ್ಷಗಳ ಅಂದಾಜು ಪಕ್ಕಪಕ್ಕದ ಕಾಲಮ್‌ಗಳಲ್ಲಿ ಇರುತ್ತದೆ. ಮೀಸಲು ನಿಧಿಯ ಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಓದಿ. ಸಾವಿರದಿಂದ ಮೂವತ್ತು ಸಾವಿರದವರೆಗೆ ಹಾಜರಿಯಿರುವ ಡಿಸ್ಟ್ರಿಕ್ಟ್‌ಗಳು ಖರ್ಚಿನ ಕನಿಷ್ಠ ಶೇಕಡ 3ರಷ್ಟನ್ನು ಮೀಸಲಿಡಬೇಕು. ಮೂರನೇ ಕಾಲಮ್‌ನಲ್ಲಿ ಅದು ಕರಗಿದ್ದರೆ ಸಂಕಟ ನಿಜವಾದದ್ದು, ಹೆಚ್ಚೇ ಇದ್ದರೆ ಶಾಲೆ ಮುಚ್ಚುವ ಆತುರವೇಕೆಂದು ಧೈರ್ಯವಾಗಿ ಕೇಳಿ.

ಇನ್ನೊಂದು ಮಾತು ನಮ್ಮೆಲ್ಲರಿಗೂ ಸೇರಿದ್ದು. ಡಿಸೆಂಬರ್ ರಜೆಗೆ ಮೊದಲೇ ಬೆಂಗಳೂರಿಗೆ ಹೊರಟು ಜನವರಿ ಮಧ್ಯದಲ್ಲಿ ಮರಳುವವರು ನಮ್ಮಲ್ಲಿ ಬಹಳ ಮಂದಿ. ಹೊರಡುವ ಮೊದಲು ಶಾಲೆಯಲ್ಲಿ ಇಂಡಿಪೆಂಡೆಂಟ್ ಸ್ಟಡಿ ಒಪ್ಪಂದವನ್ನು ಕೇಳಿ ಪಡೆಯಿರಿ. ಮಗು ಅದರಂತೆ ಪಾಠ ಮುಗಿಸಿ ಒಪ್ಪಿಸಿದರೆ ಆ ದಿನಗಳೂ ಹಾಜರಿಯ ಲೆಕ್ಕಕ್ಕೆ ಸೇರುತ್ತವೆ.

ಸ್ಯಾನ್ ಹೋಸೆಯ ಹಿರಿಯ ಸದಸ್ಯರು:
ಅಜ್ಜ ಅಜ್ಜಿಯರನ್ನು ನೋಡಲು ಹೋಗುವುದಕ್ಕೂ ಈಗ ಶಾಲೆಯ ಬಜೆಟ್ ಅಡ್ಡ ಬರಬೇಕೇ? ನಮ್ಮ ಮಕ್ಕಳು ಕನ್ನಡ ಮಾತನಾಡುವುದು ಆ ನಾಲ್ಕು ವಾರಗಳ ಕೃಪೆಯಿಂದ. ನನ್ನ ತಂದೆಯವರ ಕೊನೆಯ ವರ್ಷದಲ್ಲಿ ಮಕ್ಕಳ ಪರೀಕ್ಷೆಯ ನೆಪ ಹೇಳಿ ನಾನು ಊರಿಗೆ ಹೋಗಲಿಲ್ಲ, ಆ ನೋವು ಇಂದಿಗೂ ಇದೆ. ಯಾರೂ ಆ ಪ್ರಯಾಣವನ್ನು ತಪ್ಪಿಸಬೇಡಿ.

ಸನಿವೇಲ್‌ನ ಸದಸ್ಯೆ, ಪಿಟಿಎ ಖಜಾಂಚಿ:
ಹೋಗಬೇಡಿ ಎಂದು ನಾನು ಹೇಳಲಿಲ್ಲ ಸರ್, ಒಪ್ಪಂದಕ್ಕೆ ಸಹಿ ಹಾಕಿ ಹೋಗಿ ಎಂದೆ.

ಡಬ್ಲಿನ್‌ನ ಸದಸ್ಯರು:
ಹಿರಿಯರು ನಮ್ಮೂರನ್ನು ಹೊಗಳಿದ್ದಕ್ಕೆ ಸಂತೋಷ. ಆದರೆ ಇಲ್ಲಿ ವರ್ಷಗಟ್ಟಲೆ ಮಕ್ಕಳು ಹೆಚ್ಚಾಗಿ, ಶಾಲೆಗಳು ತುಂಬಿ ತುಳುಕಿದ್ದನ್ನೂ ನೋಡಿದ್ದೇವೆ.

ಮಿಲ್ಪಿಟಾಸ್‌ನ ಸದಸ್ಯೆ:
ಇದನ್ನು ಓದುವಾಗ ತೀರ್ಥಹಳ್ಳಿಯ ಕಡೆಯ ನಮ್ಮೂರ ಸರ್ಕಾರಿ ಶಾಲೆಯ ನೆನಪಾಗಿ ಸಂಕಟವಾಯಿತು. ಅಲ್ಲಿಯೂ ಮಕ್ಕಳಿಲ್ಲವೆಂದೇ ಬಾಗಿಲು ಹಾಕಿದರು. ಶಾಲೆಯ ಮೇಲ್ವಿಚಾರಣಾ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ನನ್ನ ಅಣ್ಣನೂ ಇದ್ದ, ಆದರೆ ಕಾನ್ವೆಂಟಿನ ವ್ಯಾನು ಊರೊಳಗೆ ಬರತೊಡಗಿದ ಮೇಲೆ ಸದಸ್ಯರ ಮಕ್ಕಳೇ ಅದನ್ನು ಹತ್ತಿದರು. ಖಾಸಗಿ ಶಾಲೆಗೆ ಸೇರಿಸಿ ಎಂಬ ಸಲಹೆಯನ್ನು ಕೊಡುವಾಗ, ಹಾಗೆ ಹೊರಟ ಪ್ರತಿ ಮಗುವೂ ಉಳಿದವರ ಶಾಲೆಯನ್ನು ಇನ್ನಷ್ಟು ಬಡವಾಗಿಸುತ್ತದೆ ಎಂಬುದನ್ನು ಯೋಚಿಸಿ.

ಪ್ರಶ್ನೆ ಕೇಳಿದ ತಾಯಿ:
ಎಲ್ಲರಿಗೂ ಧನ್ಯವಾದಗಳು. ವರದಿಯನ್ನು ಹುಡುಕಿ ತೆಗೆದಿದ್ದೇನೆ, ಇಂದು ರಾತ್ರಿ ಮೂರು ಕಾಲಮ್‌ಗಳನ್ನೂ ಓದುತ್ತೇನೆ. ಆದರೆ ಶಾಲೆಯೇ ಮುಚ್ಚಬಹುದೆಂಬಾಗ ಮಗನ ಟಿಕೆ ನೋಂದಣಿಯನ್ನು ಅಲ್ಲಿಯೇ ಮಾಡಿಸಲೇ, ನಿರ್ಧಾರವಾಗುವವರೆಗೆ ತಡೆಯಲೇ?

ಫ್ರೀಮಾಂಟಿನ ಸದಸ್ಯರು:
ತಡೆಯಬೇಡಿ, ನಿಮ್ಮ ವಿಳಾಸಕ್ಕೆ ಗೊತ್ತುಮಾಡಿರುವ ಶಾಲೆಯಲ್ಲೇ ನೋಂದಣಿ ಆರಂಭವಾದ ವಾರವೇ ಮಾಡಿಸಿ. ಮುಂದಿನ ವರ್ಷದ ಅಂದಾಜನ್ನು ಅವರು ಹಾಕುವಾಗ ಕೈಯಲ್ಲಿರುವ ಅರ್ಜಿಗಳನ್ನೂ ನೋಡುತ್ತಾರೆ. ನೀವೂ ನಿಮ್ಮ ನೆರೆಯವರೂ ಶಾಲೆ ಉಳಿಯುತ್ತದೆಯೋ ನೋಡೋಣವೆಂದು ಕಾದು ಕುಳಿತರೆ, ಮಕ್ಕಳೇ ಬರುತ್ತಿಲ್ಲವೆಂಬ ಅವರ ಮಾತಿಗೆ ನೀವೇ ಆಧಾರ ಒದಗಿಸಿದಂತಾಗುತ್ತದೆ. ಶಾಲೆ ಬೇರೊಂದರೊಡನೆ ಸೇರಿದರೆ ಅಕ್ಕ ತಮ್ಮನಿಗೆ ಒಂದೇ ಶಾಲೆಯಲ್ಲಿ ಸೀಟು ಸಿಗುತ್ತದೆಯೇ ಎಂಬುದನ್ನು ಈಗಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಿ.