ಬೊಲೋಮೀಟರ್ ಸೊನ್ನೆಯಲ್ಲಿ ನಿಲ್ಲುತ್ತಿಲ್ಲ, ಎಲ್ಲಿ ತಪ್ಪಿದ್ದೇನೆ?

ಪ್ರಶ್ನೆ:
ಶಾಖದ ವಿಕಿರಣ ಅಳೆಯೋಣ ಅಂತ ಒಂದು ಬೊಲೋಮೀಟರ್ ಕಟ್ಟಿದ್ದೇನೆ. ಕೂದಲಿನಷ್ಟು ತೆಳು ಪ್ಲಾಟಿನಂ ತಂತಿಗೆ ಮೇಣದಬತ್ತಿಯ ಮಸಿ ಹಿಡಿಸಿ ವೀಟ್‌ಸ್ಟೋನ್ ಬ್ರಿಜ್‌ನ (ನಾಲ್ಕು ರೆಸಿಸ್ಟೆನ್ಸ್‌ಗಳನ್ನು ಹೋಲಿಸಿ ಸಣ್ಣ ವ್ಯತ್ಯಾಸವನ್ನೂ ತೋರಿಸುವ ಸರ್ಕ್ಯೂಟ್) ಒಂದು ಕಡೆ ಹಾಕಿದೆ, ಉಳಿದ ಮೂರೂ ಕಡೆ ಮಾಮೂಲಿ ರೆಸಿಸ್ಟರ್. ಸೊನ್ನೆಗೆ ತಂದು ಕೈ ತೆಗೆಯುವಷ್ಟರಲ್ಲೇ ರೀಡಿಂಗ್ ಜಾರುತ್ತದೆ. ಯಾರಾದರೂ ಬಾಗಿಲು ತೆಗೆದರೂ ಅಷ್ಟೇ. ಗಾಳಿ ತಡೆಯೋಕೆ ಗಾಜು ಮುಚ್ಚಿದೆ, ಆಗ ಕುದಿಯುವ ನೀರಿನ ಪಾತ್ರೆ ಎದುರಿಟ್ಟರೂ ಅಲುಗಾಡಲಿಲ್ಲ. ಮೂರು ದಿನದಿಂದ ಒದ್ದಾಡುತ್ತಿದ್ದೇನೆ.

ಉತ್ತರ:
ಒಂದೇ ತಂತಿ ಇಟ್ಟಿದ್ದೀರಲ್ವಾ, ಅಲ್ಲೇ ಇರೋದು ತೊಂದರೆ. ಪ್ಲಾಟಿನಂ ಒಂದು ಡಿಗ್ರಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸುಮಾರು 0.4% ಏರುತ್ತದೆ, ಆ ಬಿಸಿ ವಿಕಿರಣದಿಂದ ಬಂತೋ ಕೋಣೆಯ ಗಾಳಿಯಿಂದ ಬಂತೋ ತಂತಿಗೆ ಗೊತ್ತಾಗುವುದಿಲ್ಲ. 1880ರ ಆಸುಪಾಸಿನಲ್ಲಿ ಬೊಲೋಮೀಟರ್ ಮೊದಲು ಮಾಡಿದ ಅಮೆರಿಕದ ಖಗೋಳ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎರಡು ಮಸಿ ಹಚ್ಚಿದ ಪ್ಲಾಟಿನಂ ಪಟ್ಟಿ ಬಳಸಿದ್ದರು. ಒಂದರ ಮೇಲೆ ವಿಕಿರಣ ಬೀಳುತ್ತದೆ, ಇನ್ನೊಂದು ಮರೆಯಲ್ಲಿರುತ್ತದೆ. ಗಾಳಿ ಎರಡನ್ನೂ ಒಂದೇ ಥರ ಬಿಸಿ ಮಾಡುವುದರಿಂದ ಬ್ರಿಜ್‌ನಲ್ಲಿ ಅದು ಕಳೆದುಹೋಗುತ್ತದೆ, ಉಳಿಯುವುದು ವಿಕಿರಣದ ಪಾಲು ಮಾತ್ರ. ಇಷ್ಟರಿಂದಲೇ ಅವರು ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಭಾಗವನ್ನು ಬಹಳ ಉದ್ದದ ತರಂಗಗಳವರೆಗೆ ಅಳೆದರು. ನನಗಂತೂ ಈ ಎರಡನೇ ಪಟ್ಟಿಯೇ ಇಡೀ ಉಪಕರಣದ ಜೀವ.

ಎರಡೂ ತಂತಿ ಒಂದೇ ಸುರುಳಿಯಿಂದ, ಒಂದೇ ಉದ್ದಕ್ಕೆ ಕತ್ತರಿಸಿ. ಮಸಿ ತೆಳುವಾಗಿರಲಿ, ದಪ್ಪ ಆದರೆ ನಿಧಾನ ಆಗುತ್ತದೆ.

ಉತ್ತರ:
ಗಾಜು ತೆಗೆದುಬಿಡಿ. ಕುದಿಯುವ ನೀರಿನ ಪಾತ್ರೆಯ ವಿಕಿರಣ ಜಾಸ್ತಿ ಇರೋದು 8 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗವೇ ಮೈಕ್ರಾನ್) ತರಂಗಾಂತರದ ಹತ್ತಿರ, ಕಿಟಕಿಯ ಗಾಜು ಅದನ್ನು ಒಳಗೆ ಬಿಡುವುದೇ ಇಲ್ಲ. ಥರ್ಮಲ್ ಕ್ಯಾಮೆರಾಗಳಿಗೆ ಜರ್ಮೇನಿಯಂ ಲೆನ್ಸ್ ಹಾಕುವುದೂ ಇದಕ್ಕೇ. ನಿಮಗೆ ತೆಳು ಪಾಲಿಥೀನ್ ಹಾಳೆ ಸಾಕು, ಬಿಗಿಯಾಗಿ ಎಳೆದು ಅಂಟಿಸಿ. ಬ್ರಿಜ್‌ಗೆ ಕರೆಂಟ್ ಕೂಡ ಕಡಿಮೆ ಕೊಡಿ, ಜಾಸ್ತಿಯಾದರೆ ತಂತಿ ತಾನೇ ಕಾಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡನೇ ತಂತಿ ಹಾಕಿ, ಅದರ ಮುಂದೆ ತಾಗದ ಹಾಗೆ ಅಲ್ಯೂಮಿನಿಯಂ ಫಾಯಿಲ್ ನಿಲ್ಲಿಸಿ, ಮೇಲೆ ಪಾಲಿಥೀನ್ ಎಳೆದೆ. ಈಗ ಬಾಗಿಲು ತೆಗೆದರೂ ರೀಡಿಂಗ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಒಂದು ಗೇಣು ದೂರದಲ್ಲಿ ಅಂಗೈ ಹಿಡಿದರೆ ಮೆಲ್ಲಗೆ ಏರುತ್ತದೆ, ತೆಗೆದರೆ ಮತ್ತೆ ಸೊನ್ನೆಗೇ ಬರುತ್ತದೆ. ಹತ್ತು ಸಲ ನೋಡಿದೆ.